ದೂರವಾಣಿ ಅಡಾಪ್ಟರ್ ಮತ್ತು ಡೌನ್‌ಲೋಡ್ ವೇಗ: ತೊಂದರೆ ಎಲ್ಲಿ, ಪರಿಹಾರವೇನು?

ಶೇಡಬಾಳ (ಕಾಗವಾಡ ತಾಲ್ಲೂಕು): ಸೆಕೆಂಡಿಗೆ 100 ಮೆಗಾಬಿಟ್ ವೇಗದ ಅಂತರ್ಜಾಲ ಸಂಪರ್ಕಕ್ಕೆ ಪ್ರತಿ ತಿಂಗಳು ಹಣ ಕಟ್ಟುತ್ತಿದ್ದರೂ ಕಡತವೊಂದನ್ನು ಇಳಿಸಿಕೊಳ್ಳುವಾಗ ಒಂಬತ್ತೋ ಹತ್ತೋ ಮೆಗಾಬಿಟ್ ಮಾತ್ರ ದೊರೆಯುತ್ತಿದ್ದರೆ ಮೊದಲ ಅನುಮಾನ ಸೇವಾ ಸಂಸ್ಥೆಯ ಮೇಲೆ ಹೋಗುವುದು ಸಹಜ. ಆದರೆ ಮನೆಯಲ್ಲಿ ಅಂತರ್ಜಾಲ ದೂರವಾಣಿಯ ಅಡಾಪ್ಟರ್ ಇದ್ದಲ್ಲಿ, ದೂರು ನೀಡುವ ಮುನ್ನ ಮೋಡೆಂ ಮತ್ತು ರೂಟರ್ ನಡುವೆ ಕುಳಿತಿರುವ ಆ ಅಂಗೈಯಗಲದ ಪೆಟ್ಟಿಗೆಯನ್ನು ಒಮ್ಮೆ ಪರೀಕ್ಷಿಸುವುದು ಒಳಿತು. ಹಳೆಯ ನಿಧಾನಗತಿಯ ಸಂಪರ್ಕಕ್ಕೆ ಮದ್ದಾಗಿ ಬಂದ ಅದರ ಒಂದು ವ್ಯವಸ್ಥೆಯೇ ಇಂದಿನ ವೇಗದ ಸಂಪರ್ಕಕ್ಕೆ ರೋಗವಾಗಿರುವ ಸಾಧ್ಯತೆ ಉಂಟು.

ಮೀರಜ್–ಲೋಂಡಾ ರೈಲು ಮಾರ್ಗದಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿರುವ ಶೇಡಬಾಳ ಹಿಂದೆ ಅಥಣಿ ತಾಲ್ಲೂಕಿಗೆ ಸೇರಿತ್ತು. ಈಗ ಕಾಗವಾಡ ತಾಲ್ಲೂಕಿನಲ್ಲಿದೆ. ಇಂತಹ ಗಡಿಭಾಗದ ಪಟ್ಟಣಗಳಲ್ಲಿ ನೆಂಟಸ್ತನ ಮೀರಜ್, ಸಾಂಗಲಿಗಳವರೆಗೆ ಹರಡಿದ್ದರೆ, ಮಕ್ಕಳ ಉದ್ಯೋಗ ಪುಣೆ, ಬೆಂಗಳೂರು, ಕೆಲವೊಮ್ಮೆ ವಿದೇಶ. ಹೀಗಾಗಿ ಮನೆಯ ದೂರವಾಣಿ ಹಿರಿಯರ ಪಾಲಿಗೆ ಕೇವಲ ಉಪಕರಣವಲ್ಲ. ಡೌನ್‌ಲೋಡ್ ನಿಧಾನವೆಂದು ಮೊಮ್ಮಗ ದೂರವಾಣಿಯ ಪೆಟ್ಟಿಗೆಯನ್ನು ಕಿತ್ತಿಟ್ಟರೆ ಅಜ್ಜಿಯ ಫೋನು ಮೂಕವಾಗುತ್ತದೆ. ಎರಡನ್ನೂ ಉಳಿಸಿಕೊಳ್ಳುವ ಮಾರ್ಗ ಇದೆ, ಮತ್ತು ಅದು ಕಷ್ಟದ್ದಲ್ಲ.

ಅಡಾಪ್ಟರ್ ಬಂದ ಹಾದಿ

ಭಾರತದಲ್ಲಿ ಅಂತರ್ಜಾಲ ದೂರವಾಣಿಗೆ ಸೀಮಿತ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಂದು. ಗಣಕದಿಂದ ಗಣಕಕ್ಕೆ, ಗಣಕದಿಂದ ವಿದೇಶದ ದೂರವಾಣಿಗೆ ಕರೆ ಮಾಡಲು ಅವಕಾಶವಿದ್ದರೂ ದೇಶದೊಳಗಿನ ಸಾಮಾನ್ಯ ದೂರವಾಣಿ ಜಾಲಕ್ಕೆ ಅದನ್ನು ಜೋಡಿಸುವಂತಿರಲಿಲ್ಲ. ಆ ನಿರ್ಬಂಧ ಸಡಿಲಗೊಂಡದ್ದು 2018ರಲ್ಲಿ. ಅದೇ ವರ್ಷ ಬಿಎಸ್ಎನ್ಎಲ್ ‘ವಿಂಗ್ಸ್’ ಹೆಸರಿನ ಅಂತರ್ಜಾಲ ದೂರವಾಣಿ ಸೇವೆಯನ್ನು ಪ್ರಕಟಿಸಿತು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಿಗೆ ಈ ಪೆಟ್ಟಿಗೆಯ ಪರಿಚಯ ಅದಕ್ಕಿಂತ ಬಹಳ ಮೊದಲೇ ಆಗಿತ್ತು. ವಾನೇಜ್‌ನಂತಹ ಸಂಸ್ಥೆಗಳು ಗ್ರಾಹಕರಿಗೆ ಅಡಾಪ್ಟರ್ ನೀಡಿ, ಮನೆಯ ಸಾಮಾನ್ಯ ಫೋನನ್ನೇ ಅಂತರ್ಜಾಲಕ್ಕೆ ಜೋಡಿಸುತ್ತಿದ್ದವು. 2009ರಲ್ಲಿ ಆ ಸಂಸ್ಥೆ ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಒಂದೇ ಮಾಸಿಕ ಶುಲ್ಕದಲ್ಲಿ ಮಿತಿಯಿಲ್ಲದೆ ಮಾತನಾಡುವ ಯೋಜನೆಯನ್ನು ತಂದಾಗ, ಊರಿಗೆ ಕರೆ ಮಾಡಲು ಕಾರ್ಡ್ ಖರೀದಿಸುವ ಪದ್ಧತಿಗೆ ಪರ್ಯಾಯವೊಂದು ಸಿಕ್ಕಿತು.

ಇತ್ತ ಕರ್ನಾಟಕದಲ್ಲಿ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಜನಸಾಮಾನ್ಯರ ಮನೆಗೆ ಬರತೊಡಗಿದ್ದು 2005ರ ನಂತರ. ಕೇಂದ್ರ ಸರ್ಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2023ರಲ್ಲಿ ಈ ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಈ ಎರಡು ಅಂಕಿಗಳ ನಡುವಿನ ಅಂತರವೇ ನಮ್ಮ ಸಮಸ್ಯೆಯ ಮೂಲ.

ಒಂದು ಕರೆಗೆ ಎಷ್ಟು ಬೇಕು?

ಅಡಾಪ್ಟರ್ ಮಾಡುವುದು ಎರಡು ಕೆಲಸ. ಫೋನಿನಿಂದ ಬರುವ ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸಿ, ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ ಅಂತರ್ಜಾಲಕ್ಕೆ ಕಳುಹಿಸುತ್ತದೆ. ಬಂದ ಪೊಟ್ಟಣಗಳನ್ನು ಬಿಚ್ಚಿ ಮತ್ತೆ ಧ್ವನಿಯಾಗಿಸುತ್ತದೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ ಸೆಕೆಂಡಿಗೆ 50 ಪೊಟ್ಟಣಗಳು ಹೋಗುತ್ತವೆ.

ಜಿ.711 ಎಂಬ ಧ್ವನಿ ಸಂಕೇತ ಪದ್ಧತಿಯಲ್ಲಿ ಮಾತಿಗೆ 64 ಕಿಲೋಬಿಟ್ ಬೇಕು. ಪ್ರತಿ ಪೊಟ್ಟಣದ ಮೇಲಿನ ವಿಳಾಸ ಮುಂತಾದ ವಿವರಗಳಿಗೆ 40 ಬೈಟ್ ಸೇರಿದಾಗ ಅದು 80 ಕಿಲೋಬಿಟ್ ಆಗುತ್ತದೆ. ತಾಮ್ರದ ತಂತಿಯ ಎಡಿಎಸ್ಎಲ್ ಸಂಪರ್ಕದಲ್ಲಿ ಇನ್ನಷ್ಟು ಹೊದಿಕೆ ಸೇರಿ 100 ಕಿಲೋಬಿಟ್ ದಾಟುತ್ತದೆ. ಜಿ.729 ಎಂಬ ಮಿತವ್ಯಯದ ಪದ್ಧತಿಯಲ್ಲಿ ಮಾತಿಗೆ 8 ಕಿಲೋಬಿಟ್ ಸಾಕು. ವಿಳಾಸದ ಹೊರೆ ಸೇರಿದರೂ 24 ಕಿಲೋಬಿಟ್. ಇಷ್ಟು ಪ್ರಮಾಣ ಹೋಗುವ ಮತ್ತು ಬರುವ ಎರಡೂ ದಿಕ್ಕಿನಲ್ಲಿ ಬೇಕು.

ಅಂದರೆ 100 ಮೆಗಾಬಿಟ್ ಸಂಪರ್ಕದಲ್ಲಿ ಒಂದು ಕರೆ ಬಳಸುವುದು ಸಾವಿರದಲ್ಲಿ ಒಂದು ಪಾಲು ಮಾತ್ರ. ಹಾಗಿದ್ದ ಮೇಲೆ ಕರೆಯೇ ಡೌನ್‌ಲೋಡನ್ನು ತಿನ್ನುತ್ತಿದೆ ಎನ್ನುವುದು ಲೆಕ್ಕಕ್ಕೆ ನಿಲ್ಲದ ಮಾತು. ವೇಗವನ್ನು ತಡೆಯುತ್ತಿರುವುದು ಕರೆಯಲ್ಲ. ಕರೆಗಾಗಿ ಮಾಡಿಟ್ಟ ಕಾವಲು.

ಮದ್ದು ರೋಗವಾದ ಬಗೆ

2005ರ ಸುಮಾರಿನ ಸಂಪರ್ಕವೊಂದನ್ನು ಊಹಿಸಿಕೊಳ್ಳಬಹುದು. ಅಪ್‌ಲೋಡ್ ವೇಗ ಸೆಕೆಂಡಿಗೆ 128 ಕಿಲೋಬಿಟ್ ಎಂದಿಟ್ಟುಕೊಂಡರೆ, ಗಣಕದಿಂದ ಹೊರಟ 1500 ಬೈಟ್‌ನ ಒಂದು ದೊಡ್ಡ ಪೊಟ್ಟಣ ತಂತಿಯನ್ನು ದಾಟಲು ಸುಮಾರು 94 ಮಿಲಿಸೆಕೆಂಡ್ ಬೇಕು. ಅಂತಹ ಎರಡು ಪೊಟ್ಟಣಗಳ ಹಿಂದೆ ಧ್ವನಿಯ ಪೊಟ್ಟಣ ಸಿಕ್ಕಿಹಾಕಿಕೊಂಡರೆ ವಿಳಂಬ 180 ಮಿಲಿಸೆಕೆಂಡ್ ಮೀರುತ್ತದೆ. ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್‌ವರೆಗಿನ ವಿಳಂಬವನ್ನು ಮಾತ್ರ ಸಂಭಾಷಣೆ ಸುಲಭವಾಗಿ ಸಹಿಸುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಮಗ ಛಾಯಾಚಿತ್ರವೊಂದನ್ನು ಇಮೇಲ್‌ಗೆ ಲಗತ್ತಿಸಿದೊಡನೆ ತಾಯಿಯ ಮಾತು ತುಂಡು ತುಂಡಾಗುತ್ತಿದ್ದುದು ಇದೇ ಕಾರಣಕ್ಕೆ.

ಇದಕ್ಕೆ ತಯಾರಕರು ಕಂಡುಕೊಂಡ ಉಪಾಯ ಸರಳವಾದದ್ದು. ಅಡಾಪ್ಟರನ್ನು ಮೋಡೆಂ ಮತ್ತು ರೂಟರ್ ನಡುವೆ ಇರಿಸುವುದು. ಮನೆಯ ಎಲ್ಲ ಸಂಚಾರವೂ ಅದರ ಮೂಲಕವೇ ಹಾಯುವಂತೆ ಮಾಡುವುದು. ಧ್ವನಿಗೆ ಮೊದಲ ಆದ್ಯತೆ ನೀಡಿ, ಉಳಿದ ಅಪ್‌ಲೋಡನ್ನು ಒಂದು ಮಿತಿಯಲ್ಲಿ ಹಿಡಿದಿಡುವುದು. ಲಿಂಕ್‌ಸಿಸ್ ಎಸ್‌ಪಿಎ2102ರಂತಹ ಎರಡು ಜಾಲ ಕಿಂಡಿಗಳ ಅಡಾಪ್ಟರುಗಳ ಸಂಯೋಜನಾ ಪುಟದಲ್ಲಿ ಗರಿಷ್ಠ ಅಪ್‌ಲೋಡ್ ವೇಗವನ್ನು ನಮೂದಿಸುವ ಅಂಕಣವೇ ಇತ್ತು. ಆ ಕಾಲಕ್ಕೆ ಅದು ಸರಿಯಾದ ಮದ್ದು.

ಮನೆಯ ಸಂಪರ್ಕ ಬದಲಾದರೂ ಆ ಅಂಕಿ ಬದಲಾಗದೆ ಉಳಿದಾಗ ತೊಂದರೆ ಆರಂಭವಾಗುತ್ತದೆ. ಇಳಿಸಿಕೊಳ್ಳುವಿಕೆಗೂ ಅಪ್‌ಲೋಡ್‌ಗೂ ಏನು ಸಂಬಂಧ ಎಂಬ ಪ್ರಶ್ನೆ ಇಲ್ಲಿ ಏಳಬಹುದು. ಕಡತ ಇಳಿಯುವಾಗ ಸಾಮಾನ್ಯವಾಗಿ ಪ್ರತಿ ಎರಡು ಪೊಟ್ಟಣಗಳಿಗೆ ಒಂದರಂತೆ ಗಣಕವು ‘ತಲುಪಿದೆ’ ಎಂಬ ಸ್ವೀಕೃತಿಯನ್ನು ಹಿಂದಿರುಗಿಸುತ್ತದೆ. ಸ್ವೀಕೃತಿಯ ಗಾತ್ರ ಕನಿಷ್ಠ 40 ಬೈಟ್. ಅದು ತಲುಪದಿದ್ದರೆ ಅತ್ತಲಿನ ಗಣಕ ಮುಂದಿನ ಪೊಟ್ಟಣಗಳನ್ನು ಕಳುಹಿಸದೆ ಕಾಯುತ್ತದೆ.

ಲೆಕ್ಕ ಹೀಗಿದೆ. ಅಪ್‌ಲೋಡ್ ಮಿತಿ 128 ಕಿಲೋಬಿಟ್ ಇದ್ದರೆ ಸೆಕೆಂಡಿಗೆ 400 ಸ್ವೀಕೃತಿಗಳು ಮಾತ್ರ ಹೋಗಬಲ್ಲವು. ಅಂದರೆ 1500 ಬೈಟ್‌ನ 800 ಪೊಟ್ಟಣಗಳು, ಅರ್ಥಾತ್ ಸೆಕೆಂಡಿಗೆ 9.6 ಮೆಗಾಬಿಟ್. ಸಂಪರ್ಕ 100 ಮೆಗಾಬಿಟ್ ಇದ್ದರೂ ಅಷ್ಟೆ, 300 ಇದ್ದರೂ ಅಷ್ಟೆ. ಮಿತಿ 384 ಕಿಲೋಬಿಟ್ ಇದ್ದರೆ ಸುಮಾರು 29 ಮೆಗಾಬಿಟ್. 100 ಮೆಗಾಬಿಟ್ ಪೂರ್ತಿ ಇಳಿಯಬೇಕಾದರೆ ಸ್ವೀಕೃತಿಗಳಿಗೇ ಸುಮಾರು 1.3 ಮೆಗಾಬಿಟ್ ಅಪ್‌ಲೋಡ್ ಬೇಕು.

ಇತರ ಕಾರಣಗಳು

* ಕಿಂಡಿಯ ಮಿತಿ: ಸಿಸ್ಕೋ ಎಟಿಎ 186ರಂತಹ ಹಳೆಯ ಅಡಾಪ್ಟರುಗಳ ಜಾಲ ಕಿಂಡಿಯ ಗರಿಷ್ಠ ವೇಗ 10 ಮೆಗಾಬಿಟ್. ನಂತರ ಬಂದ ಹಲವು ಮಾದರಿಗಳಲ್ಲಿ ಅದು 100 ಮೆಗಾಬಿಟ್. ಇಂತಹ ಪೆಟ್ಟಿಗೆಯ ಮೂಲಕ ಇಡೀ ಮನೆಯ ಸಂಚಾರವನ್ನು ಹಾಯಿಸಿದರೆ, ಅದಕ್ಕಿಂತ ಹೆಚ್ಚಿನ ವೇಗದ ಯೋಜನೆಗೆ ಕಟ್ಟಿದ ಹಣ ವ್ಯರ್ಥ.

* ಸಂಸ್ಕಾರಕದ ಶಕ್ತಿ: ಧ್ವನಿಯ ಕೆಲಸಕ್ಕೆಂದು ಮಾಡಿದ ಚಿಪ್, ರೂಟರ್‌ನ ಕೆಲಸವನ್ನೂ ಹೊತ್ತಾಗ ದಣಿಯುತ್ತದೆ. ಕಿಂಡಿಯ ಮೇಲೆ 100 ಮೆಗಾಬಿಟ್ ಎಂದು ಬರೆದಿದ್ದರೂ ಅಷ್ಟನ್ನು ಹಾಯಿಸುವ ಶಕ್ತಿ ಒಳಗೆ ಇಲ್ಲದಿರಬಹುದು.

* ಎರಡು ರೂಟರುಗಳ ಸರಪಣಿ: ಅಡಾಪ್ಟರ್ ಮತ್ತು ರೂಟರ್ ಎರಡೂ ವಿಳಾಸ ಬದಲಾವಣೆಯ ಕೆಲಸ ಮಾಡುತ್ತಿದ್ದರೆ ಅದರಿಂದಲೇ ವೇಗ ಬೀಳುವುದು ಅಪರೂಪ. ಆದರೆ ಒಂದು ಕಡೆಯ ಧ್ವನಿ ಮಾತ್ರ ಕೇಳಿಸುವುದು, ಕರೆ ನಡುವೆ ಕಡಿಯುವುದು ಮುಂತಾದ ತೊಂದರೆಗಳು ಬರುತ್ತವೆ.

* ಹೊಂದಾಣಿಕೆಯಿಲ್ಲದ ಜೋಡಣೆ: ಒಂದು ಪೆಟ್ಟಿಗೆಯ ಕಿಂಡಿಯನ್ನು ಏಕಕಾಲಕ್ಕೆ ಎರಡೂ ದಿಕ್ಕಿನ ಸಂಚಾರಕ್ಕೆ ಬಲವಂತವಾಗಿ ನಿಗದಿಪಡಿಸಿ, ಇನ್ನೊಂದನ್ನು ಸ್ವಯಂಚಾಲಿತವಾಗಿ ಬಿಟ್ಟರೆ ಎರಡನೆಯದು ಒಂದೇ ದಿಕ್ಕಿನ ಸರದಿಗೆ ಇಳಿಯುತ್ತದೆ. ಪೊಟ್ಟಣಗಳು ಡಿಕ್ಕಿಯಾಗಿ ವೇಗ ಕುಸಿಯುತ್ತದೆ. ಎರಡೂ ಕಡೆ ಸ್ವಯಂಚಾಲಿತವಾಗಿರಿಸುವುದೇ ಕ್ಷೇಮ.

* ಕೇಬಲ್: ಜಾಲದ ಕೇಬಲ್‌ನಲ್ಲಿ ನಾಲ್ಕು ಜೋಡಿ ತಂತಿಗಳಿರುತ್ತವೆ. 1000 ಮೆಗಾಬಿಟ್‌ಗೆ ನಾಲ್ಕೂ ಬೇಕು. 100 ಮೆಗಾಬಿಟ್‌ಗೆ ಎರಡು ಸಾಕು. ಒಂದು ಜೋಡಿ ತುಂಡಾದರೂ ಸಂಪರ್ಕ ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿಯಬಹುದು.

ಮೊದಲು ಅಳೆಯಿರಿ

ಯಾವ ಸಂಯೋಜನೆಯನ್ನೂ ಬದಲಿಸುವ ಮುನ್ನ ಕಾಗದ, ಪೆನ್ನು ಹಿಡಿದು ನಾಲ್ಕು ಅಳತೆಗಳನ್ನು ಮಾಡಬೇಕು. ವೈ–ಫೈ ಬಳಸದೆ ಕೇಬಲ್ ಮೂಲಕವೇ ಗಣಕವನ್ನು ಜೋಡಿಸಬೇಕು. ಮನೆಯ ಉಳಿದ ಮೊಬೈಲ್, ಟಿವಿಗಳನ್ನು ಜಾಲದಿಂದ ಬಿಡಿಸಬೇಕು. ಪ್ರತಿ ಪರೀಕ್ಷೆಯನ್ನು ಮೂರು ಬಾರಿ ಮಾಡಿ, ಡೌನ್‌ಲೋಡ್ ಮತ್ತು ಅಪ್‌ಲೋಡ್ ಎರಡನ್ನೂ ಬರೆದುಕೊಳ್ಳಬೇಕು.

1. ಗಣಕವನ್ನು ನೇರವಾಗಿ ಮೋಡೆಂಗೆ ಜೋಡಿಸಿ ಅಳೆಯಿರಿ. ಮೋಡೆಂ ಕೇವಲ ಸೇತುವೆಯಾಗಿ ಕೆಲಸ ಮಾಡುತ್ತಿದ್ದರೆ ಸೇವಾ ಸಂಸ್ಥೆ ನೀಡಿದ ಬಳಕೆದಾರ ಹೆಸರು, ಗುಪ್ತಪದಗಳನ್ನು ಗಣಕದಲ್ಲಿ ನಮೂದಿಸಬೇಕಾಗುತ್ತದೆ.

2. ನಡುವೆ ಅಡಾಪ್ಟರ್ ಇರಿಸಿ, ಫೋನ್ ಕೆಳಗಿಟ್ಟ ಸ್ಥಿತಿಯಲ್ಲಿ ಅಳೆಯಿರಿ.

3. ಅದೇ ಜೋಡಣೆಯಲ್ಲಿ, ಕರೆ ನಡೆಯುತ್ತಿರುವಾಗ ಅಳೆಯಿರಿ.

4. ರೂಟರನ್ನೂ ಸೇರಿಸಿ ಅಳೆಯಿರಿ.

ಮೊದಲ ಅಳತೆಯಲ್ಲೇ ವೇಗ ಕಡಿಮೆ ಇದ್ದರೆ ದೋಷ ಮೋಡೆಂನಲ್ಲಿ ಅಥವಾ ಹೊರಗಿನ ತಂತಿಯಲ್ಲಿ. ಆಗ ಸೇವಾ ಸಂಸ್ಥೆಗೆ ದೂರು ನೀಡುವುದು ನ್ಯಾಯ, ಬರೆದಿಟ್ಟ ಅಂಕಿಗಳೇ ಆ ದೂರಿಗೆ ಬಲ. ಎರಡನೆಯದರಲ್ಲಿ ಬಿದ್ದರೆ ಅಡಾಪ್ಟರ್‌ನ ಕಿಂಡಿ, ಸಂಸ್ಕಾರಕ ಅಥವಾ ಸದಾ ಜಾರಿಯಲ್ಲಿರುವ ಅಪ್‌ಲೋಡ್ ಮಿತಿ ಕಾರಣ. ಮೂರನೆಯದರಲ್ಲಿ ಮಾತ್ರ ಬಿದ್ದರೆ, ಕರೆಯ ಸಮಯದಲ್ಲಷ್ಟೆ ಜಾರಿಗೆ ಬರುವ ಮಿತಿಯೇ ಅಪರಾಧಿ. ನಾಲ್ಕನೆಯದರಲ್ಲಿ ಬಿದ್ದರೆ ಅಡಾಪ್ಟರ್ ನಿರಪರಾಧಿ, ರೂಟರ್ ಕಡೆ ನೋಡಬೇಕು.

ಇನ್ನೊಂದು ಮಾತು: ಯೋಜನೆಯ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತ ಇಳಿಯುವ ವೇಗವನ್ನು ಗಣಕ ಬೈಟ್‌ಗಳಲ್ಲಿ ತೋರಿಸುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಇಳಿಯುತ್ತಿದ್ದರೆ ಅಲ್ಲಿ ದೋಷವೇ ಇಲ್ಲ.

ಪರಿಹಾರದ ಕ್ರಮ

ಪೆಟ್ಟಿಗೆಗಳ ಸ್ಥಾನ ಬದಲಿಸುವುದು ಮೊದಲ ಪರಿಹಾರ. ಮೋಡೆಂನಿಂದ ಕೇಬಲ್ ನೇರವಾಗಿ ರೂಟರ್‌ಗೆ ಬರಲಿ. ರೂಟರ್‌ನ ಒಂದು ಸ್ಥಳೀಯ ಕಿಂಡಿಯಿಂದ ಅಡಾಪ್ಟರ್‌ನ ಅಂತರ್ಜಾಲ ಕಿಂಡಿಗೆ ಇನ್ನೊಂದು ಕೇಬಲ್ ಹೋಗಲಿ. ಗಣಕ, ಟಿವಿ, ಮೊಬೈಲ್‌ಗಳೆಲ್ಲ ರೂಟರ್‌ಗೇ ಸೇರಲಿ. ಆಗ ಅಡಾಪ್ಟರ್ ಮೂಲಕ ಹಾಯುವುದು ಧ್ವನಿ ಮಾತ್ರ. ಅದರ ಕಿಂಡಿ 10 ಮೆಗಾಬಿಟ್ ಇದ್ದರೂ ಬಾಧಕವಿಲ್ಲ. ಸ್ಥಾನ ಬದಲಿಸಿದ ಬಳಿಕ ಮೋಡೆಂ, ರೂಟರ್, ಅಡಾಪ್ಟರ್ ಎಂಬ ಕ್ರಮದಲ್ಲಿ ಒಂದೊಂದನ್ನೇ ಆರಿಸಿ ಹೊತ್ತಿಸಬೇಕು.

ಸ್ಥಾನ ಬದಲಿಸಲು ಸಾಧ್ಯವಾಗದಿದ್ದರೆ ಅಡಾಪ್ಟರ್‌ನ ಸಂಯೋಜನಾ ಪುಟ ತೆರೆದು ಅಪ್‌ಲೋಡ್ ಮಿತಿಯ ಅಂಕಿಯನ್ನು ಈಗಿನ ಅಳತೆಗೆ ಸರಿಪಡಿಸಬೇಕು. ಅಂಕಿ ಕಿಲೋಬಿಟ್‌ನಲ್ಲಿದೆಯೇ ಎಂಬುದನ್ನು ಗಮನಿಸಬೇಕು. 20 ಮೆಗಾಬಿಟ್ ಎಂದರೆ ಅಲ್ಲಿ 20,000. ಸೇವಾ ಸಂಸ್ಥೆಯು ಪುಟಕ್ಕೆ ಬೀಗ ಹಾಕಿದ್ದರೆ ಈ ಬದಲಾವಣೆಯನ್ನು ಅವರಿಂದಲೇ ಕೇಳಿ ಮಾಡಿಸಬೇಕು.

ಸ್ಥಾನ ಬದಲಿಸಿದ ನಂತರ ಒಂದೇ ಕಡೆಯ ಧ್ವನಿ ಕೇಳಿಸಿದರೆ ರೂಟರ್‌ನಲ್ಲಿ ‘ಸಿಪ್ ಎಎಲ್‌ಜಿ’ ಎಂಬ ಆಯ್ಕೆ ಚಾಲ್ತಿಯಲ್ಲಿದೆಯೇ ನೋಡಬೇಕು. ಕರೆಗಳ ಪೊಟ್ಟಣಗಳನ್ನು ತಿದ್ದಲು ಹೋಗಿ ಕೆಡಿಸುವ ಈ ಆಯ್ಕೆಯನ್ನು ಆರಿಸಿದರೆ ಹಲವು ಬಾರಿ ತೊಂದರೆ ನೀಗುತ್ತದೆ.

ಎಚ್ಚರಿಕೆಯ ಮಾತೊಂದು: ಅಡಾಪ್ಟರ್‌ನ ಫೋನ್ ಕಿಂಡಿಯನ್ನು ಗೋಡೆಯಲ್ಲಿರುವ ಹಳೆಯ ದೂರವಾಣಿ ತಂತಿಗೆ ಜೋಡಿಸಬಾರದು. ಹೊರಗಿನ ವಿನಿಮಯ ಕೇಂದ್ರದ ತಂತಿ ಇನ್ನೂ ಜೀವಂತವಾಗಿದ್ದರೆ ಅಲ್ಲಿನ ವಿದ್ಯುತ್ತು ಅಡಾಪ್ಟರನ್ನು ಸುಟ್ಟುಹಾಕಬಹುದು.

ಮಾತು ತುಂಡಾಗದಿರಲು

ಸ್ಥಾನ ಬದಲಾವಣೆಯಿಂದ ಡೌನ್‌ಲೋಡ್ ಸರಿಹೋದರೂ ಕೆಲಸ ಮುಗಿಯುವುದಿಲ್ಲ. ಮೊದಲು ಅಡಾಪ್ಟರ್ ಮಾಡುತ್ತಿದ್ದ ಕಾವಲನ್ನು ಈಗ ಯಾರೂ ಮಾಡುತ್ತಿಲ್ಲ. ಯಾರಾದರೂ ದೊಡ್ಡ ವಿಡಿಯೊ ಕಳುಹಿಸತೊಡಗಿದರೆ ಮೋಡೆಂನೊಳಗೆ ಪೊಟ್ಟಣಗಳ ಸಾಲು ಉದ್ದವಾಗಿ ಧ್ವನಿ ಮತ್ತೆ ತಡವರಿಸಬಹುದು. ತಂತ್ರಜ್ಞರು ಇದನ್ನು ‘ಬಫರ್‌ಬ್ಲೋಟ್’ ಎನ್ನುತ್ತಾರೆ.

ಆದ್ದರಿಂದ ಆ ಕೆಲಸವನ್ನು ರೂಟರ್‌ಗೆ ವಹಿಸಬೇಕು. ‘ಕ್ಯುಒಎಸ್’ ಪುಟದಲ್ಲಿ ಅಪ್‌ಲೋಡ್ ಮಿತಿಯನ್ನು, ಅಳೆದ ವೇಗದ ಶೇ 85ರಿಂದ 90ರಷ್ಟಕ್ಕೆ ನಿಗದಿಪಡಿಸಿ, ಅಡಾಪ್ಟರ್‌ಗೆ ಮೊದಲ ಆದ್ಯತೆ ನೀಡಬೇಕು. 20 ಮೆಗಾಬಿಟ್ ಅಪ್‌ಲೋಡ್ ಇದ್ದರೆ 17ರಿಂದ 18 ಮೆಗಾಬಿಟ್. ಪೂರ್ತಿ ವೇಗಕ್ಕಿಂತ ತುಸು ಕೆಳಗೆ ಹಿಡಿದರೆ ಸಾಲು ಮೋಡೆಂನಲ್ಲಿ ಬೆಳೆಯದೆ, ಆದ್ಯತೆ ತಿಳಿದಿರುವ ರೂಟರ್‌ನಲ್ಲೇ ನಿಲ್ಲುತ್ತದೆ. ಒಂದು ಕರೆಗೆ 100 ಕಿಲೋಬಿಟ್ ಮೀಸಲಿಟ್ಟರೆ ಸಾಕು.

ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ‘ಕೋಡೆಲ್’ ಎಂಬ ವಿಧಾನ ಸಾಲಿನ ಉದ್ದವನ್ನಲ್ಲದೆ ಪೊಟ್ಟಣ ಕಾಯುವ ಅವಧಿಯನ್ನು ಗಮನಿಸಿ ದಟ್ಟಣೆಯನ್ನು ನಿಯಂತ್ರಿಸುತ್ತದೆ. ‘ಎಸ್‌ಕ್ಯುಎಂ’ ಎಂಬ ಆಯ್ಕೆಯಿರುವ ರೂಟರುಗಳಲ್ಲಿ ಇದೇ ತತ್ವದ ಸುಧಾರಿತ ರೂಪ ಬಳಕೆಯಲ್ಲಿದೆ. ಆ ಆಯ್ಕೆ ಇದ್ದರೆ ಅದನ್ನೇ ಬಳಸುವುದು ಲೇಸು.

ಫೈಬರ್ ಮನೆಗಳಲ್ಲಿ

ಬಿಎಸ್ಎನ್ಎಲ್ ಸೇರಿದಂತೆ ಹಲವು ಸಂಸ್ಥೆಗಳು ಫೈಬರ್ ಸಂಪರ್ಕದೊಂದಿಗೆ ಸ್ಥಿರ ದೂರವಾಣಿಯನ್ನೂ ನೀಡುತ್ತವೆ. ಇಂತಹ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಫೈಬರ್ ಪೆಟ್ಟಿಗೆಯ ಬದಿಯಲ್ಲೇ ಫೋನಿನ ಕಿಂಡಿ ಇರುತ್ತದೆ. ಅಡಾಪ್ಟರ್ ಕಾಣದಿದ್ದರೂ ಅದರ ಕೆಲಸ ಆ ಪೆಟ್ಟಿಗೆಯೊಳಗೆ ನಡೆಯುತ್ತದೆ. ಇಲ್ಲಿ ಡೌನ್‌ಲೋಡ್ ನಿಧಾನವಾದರೆ ಕಾರಣ ಬಹುತೇಕ ಹಳೆಯ ಎರಡನೇ ರೂಟರ್, ಅದರ 100 ಮೆಗಾಬಿಟ್ ಕಿಂಡಿ ಅಥವಾ ವೈ–ಫೈ. ಹಳೆಯ ಪ್ರತ್ಯೇಕ ಅಡಾಪ್ಟರ್ ಇನ್ನೂ ನಡುವೆ ಉಳಿದಿದ್ದರೆ ಅದನ್ನು ಮೇಲೆ ಹೇಳಿದಂತೆ ರೂಟರ್‌ನ ಹಿಂದಕ್ಕೆ ಸರಿಸಬೇಕು. ಫೈಬರ್ ಪೆಟ್ಟಿಗೆಯನ್ನು ಮಾತ್ರ ಸ್ವತಃ ಬದಲಿಸಲು ಹೋಗಬಾರದು; ದೂರವಾಣಿಯ ನೋಂದಣಿ ವಿವರಗಳು ಅದರಲ್ಲೇ ಇರುತ್ತವೆ.

ವಿದ್ಯುತ್ ಹೋದಾಗ?

ವೇಗದ ಚರ್ಚೆಯಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ತಾಮ್ರದ ತಂತಿಯ ಹಳೆಯ ಫೋನಿಗೆ ಮನೆಯ ವಿದ್ಯುತ್ ಬೇಕಿರಲಿಲ್ಲ. ವಿನಿಮಯ ಕೇಂದ್ರದ ಬ್ಯಾಟರಿಯಿಂದ ಸುಮಾರು 48 ವೋಲ್ಟ್ ಅದೇ ತಂತಿಯಲ್ಲಿ ಬರುತ್ತಿತ್ತು. ಫೈಬರ್ ಎಂಬುದು ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ಅಂತರ್ಜಾಲ ದೂರವಾಣಿಯ ಅಡಾಪ್ಟರ್‌ಗೂ ಇದೇ ಮಾತು. ಮೋಡೆಂ, ರೂಟರ್, ಅಡಾಪ್ಟರ್ ಮೂರರಲ್ಲಿ ಒಂದು ಆರಿದರೂ ಫೋನ್ ಸತ್ತಂತೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ ಪ್ರವಾಹ ಅಥಣಿ, ಕಾಗವಾಡ, ಚಿಕ್ಕೋಡಿ ಭಾಗಗಳನ್ನು ಆವರಿಸಿತ್ತು. ಇಂತಹ ಸಂದರ್ಭದಲ್ಲಿ 112 ಅಥವಾ 108ಕ್ಕೆ ಕರೆ ಮಾಡಬೇಕಾದ ಹಿರಿಯರಿರುವ ಮನೆಯಲ್ಲಿ ಮೂರೂ ಪೆಟ್ಟಿಗೆಗಳನ್ನು ಸಣ್ಣ ಯುಪಿಎಸ್‌ಗೆ ಜೋಡಿಸಿಡುವುದು ಅಗತ್ಯ. ಪ್ರತಿ ಪೆಟ್ಟಿಗೆಯ ವೋಲ್ಟೇಜ್ ಅದರ ತಳದ ಚೀಟಿಯಲ್ಲಿರುತ್ತದೆ. ಅದಕ್ಕೆ ಸರಿಹೊಂದುವ ಯುಪಿಎಸ್ ಮಾತ್ರ ಕೊಳ್ಳಬೇಕು. ಜೊತೆಗೆ, ಅಂತರ್ಜಾಲವನ್ನು ಅವಲಂಬಿಸದ ಮೊಬೈಲ್ ಒಂದನ್ನು ಸದಾ ಚಾರ್ಜ್ ಮಾಡಿ ಇರಿಸಿಕೊಳ್ಳುವುದು ಕ್ಷೇಮ. ವಿದೇಶಿ ಸಂಸ್ಥೆಯ ಅಡಾಪ್ಟರ್‌ನಿಂದ ಇಲ್ಲಿನ ತುರ್ತು ಸೇವೆಗೆ ಕರೆ ತಲುಪುತ್ತದೆಂದು ನಂಬಿ ಕೂರಬಾರದು.

ಸಂಪರ್ಕದ ಯೋಜನೆ ಬದಲಿಸಿದ ದಿನವೇ ಪೆಟ್ಟಿಗೆಗಳ ಸ್ಥಾನವನ್ನೂ ಅವುಗಳೊಳಗಿನ ಅಂಕಿಯನ್ನೂ ಒಮ್ಮೆ ನೋಡುವ ರೂಢಿ ಇಟ್ಟುಕೊಂಡರೆ ಈ ತೊಂದರೆ ತಲೆದೋರುವುದೇ ಇಲ್ಲ. ಒಂದು ಕೇಬಲ್ ಬದಲಾವಣೆ, ಒಂದು ಅಂಕಿಯ ತಿದ್ದುಪಡಿ ಇಷ್ಟರಿಂದ ಮೊಮ್ಮಗನ ಕಡತ ವೇಗವಾಗಿ ಇಳಿಯುತ್ತದೆ. ಅಜ್ಜಿಯ ಮಾತೂ ತುಂಡಾಗದೆ ಮಗನಿಗೆ ತಲುಪುತ್ತದೆ.